ಸಮಯ ಸರಿ ಇದೆ

ಪ್ರಹ್ಲಾದ ಸರ್,

ಮೊದಲಿನ ಹಾಗೆ ‘ಪೂಜ್ಯ ಗುರುಗಳಿಗೆ’ ಎಂದು ಬರೆಯಲು ಶುರು ಮಾಡಿ ಆ ಹಾಳೆಯನ್ನು ಹರಿದು ಹಾಕಿದೆ. ಇನ್ನೊಂದು ತೆಗೆದುಕೊಂಡು ಬರೀ ಹೆಸರು ಬರೆದಿದ್ದೇನೆ. ನೀವು ಹೋಗಿ ಹನ್ನೊಂದು ತಿಂಗಳಾಯಿತು. ಇದ್ದಿದ್ದರೆ ಶಹಾಬಾದಿನ ನಿಮ್ಮ ಮನೆಗೆ ಬಂದು ಎದುರಿಗೇ ಕೇಳುತ್ತಿದ್ದೆ. ಕೇಳುತ್ತಿದ್ದೆನೇ? ಗೊತ್ತಿಲ್ಲ. ನಿಮ್ಮ ಮುಂದೆ ನನ್ನ ದನಿ ಯಾವತ್ತೂ ಏರಿದ್ದಿಲ್ಲ. ಬಹುಶಃ ಅದು ನಿಮಗೂ ಗೊತ್ತಿತ್ತು.

ಲ್ಯಾಬಿಗೆ ಸಹಾಯಕಿಯಾಗಿ ಸೇರಿದ ಮೊದಲ ವಾರ ನೆನಪಾಗುತ್ತದೆ. ಸೇಡಂನಿಂದ ಬೆಳಗಿನ ಪ್ಯಾಸೆಂಜರ್ ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ, ಬೆವರು ಒರೆಸಿಕೊಳ್ಳುತ್ತ ಕಾಲೇಜಿಗೆ ಬಂದರೆ ನೀವು ಆಗಲೇ ಒಂದು ಹಳೆಯ ಟ್ರಾನ್ಸಿಸ್ಟರ್ ಬಿಚ್ಚಿ ಕೂತಿದ್ದಿರಿ. ಪ್ಯೂನ್ ತಂದುಕೊಟ್ಟದ್ದು. ಎರಡು ದಿನಕ್ಕೆ ಸೆಲ್ ಮುಗಿಯುತ್ತದೆ ಎಂಬುದು ಅವನ ದೂರು. ನಾನು ಜಾಣತನ ತೋರಿಸಲು ಹೊಸ ಸೆಲ್ ತರಲು ಎದ್ದೆ. “ಮಹಾದೇವಿ, ಜರಾ ಕುಂದ್ರು,” ಅಂದಿರಿ. “ಸೆಲ್ ಬದಲಿ ಮಾಡೋದು ಅಂಗಡ್ಯಾಂವನ ಕೆಲಸ. ಕರೆಂಟ್ ಎಲ್ಲಿ ಸೋರ್ಲಿಕತ್ತದ ಅಂತ ಹುಡುಕೋದು ನಮ್ಮ ಕೆಲಸ.” ಇಡೀ ಮುಂಜಾನೆ ಮೀಟರ್ ಹಿಡಿದು ಒಂದೊಂದೇ ಕಡೆ ಅಳೆಸಿದಿರಿ. ಕೊನೆಗೆ ಸೋರುತ್ತಿದ್ದದ್ದು ಸ್ವಿಚ್ಚಿನಲ್ಲಿ. ಆರಿಸಿದರೂ ಪೂರ್ತಿ ಆರುತ್ತಿರಲಿಲ್ಲ. ಅವತ್ತು ನೀವು ಹೇಳಿದ್ದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೆ: “ಅಳದು ನೋಡಿದ್ದು ಖರೆ. ಉಳದದ್ದೆಲ್ಲ ಮಾತು.” ಆಮೇಲೆ ನನ್ನ ಎಂ.ಟೆಕ್‌ಗಾಗಿ ಪ್ರಿನ್ಸಿಪಾಲರ ಹತ್ತಿರ ಜಗಳವಾಡಿದ್ದೂ ನೀವೇ. ಸೇಡಂಗೆ ಬಂದು ನಮ್ಮಪ್ಪನ ಮುಂದೆ ಕೂತು, “ಮದುವಿ ಎರಡು ವರ್ಷ ತಡ ಆದ್ರ ಏನಾಗ್ತದ್ರಿ? ಈ ಹುಡುಗಿ ಕೈಯಾಗ ಕೆಲಸ ಅದ,” ಎಂದಿದ್ದೂ ನೀವೇ. ಇವನ್ನೆಲ್ಲ ನಾನು ಮರೆತಿಲ್ಲ ಸರ್. ಮರೆತಿದ್ದರೆ ಈ ಪತ್ರ ಬರೆಯುವುದು ಸುಲಭವಾಗುತ್ತಿತ್ತು.

ಚಿತ್ತಾಪುರ ಮತ್ತು ವಾಡಿಯ ನಡುವಿನ ಆ ಊರಿಗೆ ಮೊದಲ ಸಲ ಹೋದದ್ದು ಒಂದು ಬೇಸಿಗೆಯಲ್ಲಿ. ಊರಿನ ಹೆಸರು ಇಲ್ಲಿ ಬೇಡ, ನಿಮಗೆ ಗೊತ್ತಿದೆ. ಊರ ಮಗ್ಗುಲಲ್ಲೇ ಸುಣ್ಣದಕಲ್ಲಿನ ಖಣಿ. ದಿನಾ ಮಧ್ಯಾಹ್ನ ಒಂದು ಗಂಟೆಗೆ ಎಚ್ಚರಿಕೆಯ ಭೋಂಗಾ ಕೂಗುತ್ತಿತ್ತು, ಐದು ನಿಮಿಷಕ್ಕೆ ಬ್ಲಾಸ್ಟಿಂಗ್. ಗೋಡೆಗಳು ಬಿರುಕು ಬಿಟ್ಟಿವೆ ಎಂದು ಊರವರು ಅರ್ಜಿ ಹಾಕಿದ್ದರು. ಮಣ್ಣಿನ ಗೋಡೆ ತಾನಾಗೇ ಬಿರುಕು ಬಿಡುತ್ತದೆ ಎಂದು ಖಣಿಯವರು ವಾದಿಸಿದ್ದರು. ಯಾರದು ಸರಿ ಎಂದು ಅಳೆದು ಹೇಳಲು ನಮ್ಮ ಕಾಲೇಜನ್ನು ಒಪ್ಪಿಕೊಂಡಿದ್ದರು, ಎರಡೂ ಕಡೆಯವರು. ಶಾಲೆಯ ಕಟ್ಟೆಯ ಮೇಲೆ ಅಳೆಯುವ ಪೆಟ್ಟಿಗೆಯೊಂದನ್ನು ಎತ್ತಿ ಹಿಡಿದು ನಿಂತು ನೀವು ಅಂದಿರಿ: “ಇದು ಯಾರ ಮಾತೂ ಕೇಳಂಗಿಲ್ರಿ. ನಿಮ್ದೂ ಕೇಳಂಗಿಲ್ಲ, ಅವರ್ದೂ ಕೇಳಂಗಿಲ್ಲ. ನೆಲ ನಡುಗಿದ್ರ ಬರಕೋತದ, ಇಲ್ಲಂದ್ರ ಇಲ್ಲ.” ಊರವರು ಚಪ್ಪಾಳೆ ತಟ್ಟಿದರು.

ಹನ್ನೆರಡು ಪೆಟ್ಟಿಗೆಗಳನ್ನು ಹನ್ನೆರಡು ಮನೆಗಳ ಗೋಡೆಗೆ ಕೂಡಿಸಿದ ದಿನ ನಾವಿಬ್ಬರೂ ಮಣ್ಣಾಗಿ ಹೋಗಿದ್ದೆವು. ಊಟದ ಡಬ್ಬಿಯಷ್ಟು ದೊಡ್ಡವು, ಒಳಗೆ ಕಂಪನ ಅಳೆಯುವ ಸೆನ್ಸರ್, ಒಂದು ಸಣ್ಣ ರೇಡಿಯೊ, ಎರಡು ಪೆನ್ಸಿಲ್ ಸೆಲ್. ತಂತಿ ಎಳೆಯುವ ಹಾಗಿರಲಿಲ್ಲ, ಊರಲ್ಲಿ ಕರೆಂಟಿಗೂ ಭರವಸೆ ಇರಲಿಲ್ಲ. ಒಂದು ಪೆಟ್ಟಿಗೆ ಪಕ್ಕದ್ದಕ್ಕೆ ಹೇಳಬೇಕು, ಪಕ್ಕದ್ದು ಅದರಾಚೆಯದಕ್ಕೆ, ಕೊನೆಗೆ ಎಲ್ಲ ಸೇರಿ ಶಾಲೆಯ ಮಾಳಿಗೆಯ ಮೇಲಿನ ದೊಡ್ಡ ಪೆಟ್ಟಿಗೆಗೆ. ಎಷ್ಟು ಹೆಮ್ಮೆಯಿತ್ತು ನನಗೆ! ಒಂಬತ್ತೇ ದಿನಕ್ಕೆ ಹನ್ನೆರಡೂ ಸತ್ತು ಕೂತವು. ಸೆಲ್‌ಗಳು ಖಾಲಿ. ಏಣಿ ಹಿಡಿದು ಮನೆಯಿಂದ ಮನೆಗೆ ಅಲೆಯುವಾಗ, “ಮೇಡಮ್ಮೋರ ಡಬ್ಬಿ ನಿದ್ದಿ ಮಾಡ್ಲಿಕತ್ತಾವ,” ಎಂದು ಹೆಂಗಸರು ನಗುತ್ತಿದ್ದರು.

ಮೀಟರಿಗೆ ಕಣ್ಣು ಕೀಲಿಸಿ ಕೂತು ನೀವು ಕೂಗಿದ ಆ ಮಧ್ಯಾಹ್ನ ಈಗಲೂ ಕಿವಿಯಲ್ಲಿದೆ. ಅಳೆಯುವುದಕ್ಕೆ ಕರೆಂಟ್ ಹೋಗುತ್ತಿರಲಿಲ್ಲ. ಪಕ್ಕದ ಪೆಟ್ಟಿಗೆ ಯಾವಾಗ ಮಾತಾಡೀತು ಎಂದು ರೇಡಿಯೊ ಸುಮ್ಮನೆ ಕಾಯುತ್ತಿತ್ತಲ್ಲ, ಆ ಕಾಯುವುದಕ್ಕೇ ಎಲ್ಲ ಖರ್ಚಾಗುತ್ತಿತ್ತು. ಹಾಗಾದರೆ ಮಲಗಿಸೋಣ ಎಂದೆ ನಾನು. ಬ್ಲಾಸ್ಟಿಂಗ್ ಸಮಯ ಗೊತ್ತೇ ಇದೆ. ಒಂದು ಗಂಟೆಗೆ ಎಲ್ಲ ಒಟ್ಟಿಗೆ ಏಳಲಿ, ಅರ್ಧ ಗಂಟೆ ಅಳೆಯಲಿ, ಕಳಿಸಲಿ, ಮತ್ತೆ ಮಲಗಲಿ. ಆದರೆ ಒಟ್ಟಿಗೆ ಏಳಬೇಕಾದರೆ ಹನ್ನೆರಡೂ ಗಡಿಯಾರ ಒಂದೇ ಸಮಯ ಹೇಳಬೇಕು. ನಿಮ್ಮ ಮನೆಯ ಮಾಳಿಗೆಯಲ್ಲಿ, ಕಾದ ಫರಸಿ ಕಲ್ಲಿನ ಮೇಲೆ ಎರಡು ಪೆಟ್ಟಿಗೆ, ಒಳಗೆ ನೀರಿನ ಕೊಡದ ಪಕ್ಕ ಎರಡು ಪೆಟ್ಟಿಗೆ ಇಟ್ಟು ನೋಡಿದೆವು. ಬಿಸಿಲಿನವು ಒಂದು ಥರ ತಪ್ಪುತ್ತಿದ್ದವು, ನೆರಳಿನವು ಇನ್ನೊಂದು ಥರ. ಕೊನೆಗೆ ಶಾಲೆಯ ಮೇಲಿನ ದೊಡ್ಡ ಪೆಟ್ಟಿಗೆಯ ಗಡಿಯಾರವನ್ನೇ ಯಜಮಾನ ಮಾಡಿದೆವು. ದಿನಕ್ಕೊಮ್ಮೆ ಅದು ಸಮಯ ಹೇಳುತ್ತದೆ, ಉಳಿದವು ಅದಕ್ಕೆ ತಮ್ಮನ್ನು ಹೊಂದಿಸಿಕೊಳ್ಳುತ್ತವೆ. ತಿಂಗಳಿಗೊಮ್ಮೆ ನಾವು ಹೋಗಿ ಆ ಒಂದು ಗಡಿಯಾರ ಸರಿ ಇದೆಯೇ ಎಂದು ನೋಡಿದರೆ ಸಾಕು. ಲೆಕ್ಕ ಹಾಕಿದೆ: ಸೆಲ್ ಐದು ತಿಂಗಳು ಬರಬೇಕು. ನೀವು ಸುಧಾ ಅಕ್ಕನನ್ನು ಕೂಗಿ, “ನನ್ನ ಶಿಷ್ಯೆ ಗೆದ್ದಾಳ, ಶಿರಾ ಮಾಡವಾ,” ಎಂದಿರಿ. ನಿಮ್ಮ ಮಗಳು ಬಾಣಲೆಯನ್ನೇ ತಂದು ನಮ್ಮಿಬ್ಬರ ನಡುವೆ ಇಟ್ಟರು.

ಚಿಂಚೋಳಿಯಲ್ಲಿ ನನ್ನ ಅಕ್ಕನ ಸೀಮಂತ ಇದ್ದ ಭಾನುವಾರ, “ನೀ ಹೋಗಿ ಬಾ, ಕೊನೀ ಪ್ರೋಗ್ರಾಂ ನಾನೇ ಹಾಕ್ತೀನಿ,” ಎಂದಿರಿ. ಅಷ್ಟು ದೂರದ ಬಸ್ಸಿನ ದಾರಿಯುದ್ದಕ್ಕೂ ನನಗೆ ನಿಮ್ಮ ಬಗ್ಗೆಯೇ ಯೋಚನೆ. ಅರವತ್ತು ದಾಟಿದವರು ಬಿಸಿಲಲ್ಲಿ ಏಣಿ ಹತ್ತುತ್ತಿದ್ದಾರಲ್ಲ ಎಂದು. ತಿಂಗಳ ತಪಾಸಣೆಯನ್ನೂ ಅಲ್ಲಿಂದಾಚೆಗೆ ನೀವೇ ವಹಿಸಿಕೊಂಡಿರಿ. ನನಗೆ ಪರೀಕ್ಷೆ ಇತ್ತು, ಪ್ರಬಂಧ ಇತ್ತು. ನನ್ನ ಭಾರ ಹೊರುತ್ತಿದ್ದೀರಿ ಎಂದುಕೊಂಡೆ.

ಐದು ತಿಂಗಳು ಕಳೆಯಿತು, ಸೆಲ್ ಮುಗಿಯಲಿಲ್ಲ. ಏಳಾಯಿತು. ಹತ್ತಾಯಿತು. ಗುಲ್ಬರ್ಗಾದ ಸೆಮಿನಾರಿನಲ್ಲಿ ನಾನು ಪ್ರಬಂಧ ಓದಿದಾಗ ಎಲ್ಲರೂ ಬೆರಗಾದರು. ಬಿಳಿ ಗಡ್ಡದ ಒಬ್ಬ ಪ್ರೊಫೆಸರ್ ಎದ್ದು ನಿಂತು, “ನಿಮ್ಮ ಲೆಕ್ಕ ಐದು ತಿಂಗಳು, ಬಂದದ್ದು ಹತ್ತು. ಉಳಿದ ಐದು ಎಲ್ಲಿಂದ ಬಂತಮ್ಮಾ?” ಎಂದು ಕೇಳಿದರು. ನಾನು ತಡವರಿಸಿದೆ. ಮೊದಲ ಸಾಲಿನಿಂದ ನೀವೇ ಎದ್ದಿರಿ: “ಲೆಕ್ಕ ಹಾಕೋವಾಗ ಆಕಿ ಜರಾ ಕಡಿಮಿ ಹಿಡದಾಳ್ರಿ. ಹುಡುಗಿ ಹುಷಾರ್ ಅದಾಳ, ಜಂಬ ಇಲ್ಲ.” ಸಭೆ ನಕ್ಕಿತು. ನನಗೆ ಕಣ್ಣು ತುಂಬಿ ಬಂತು. ಅದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿದ್ದರೆ! ಲ್ಯಾಬಿನ ಮೊದಲ ವಾರ ನೀವು ಕಲಿಸಿದ್ದೇ ಅದಲ್ಲವೇ, ಕಡಿಮೆ ಬಂದರೂ ಹೆಚ್ಚು ಬಂದರೂ ಎಲ್ಲಿಂದ ಎಂದು ಹುಡುಕು ಎಂದು? ನೀವು ಎದ್ದು ನಿಂತಿರಿ ಎಂಬ ಒಂದೇ ಕಾರಣಕ್ಕೆ ನಾನು ಹುಡುಕಲಿಲ್ಲ.

ವರದಿ ಓದಿದ ದಿನ ಶಾಲೆಯ ಅಂಗಳ ತುಂಬಿತ್ತು. ‘ಗೋಡೆಗೆ ಹಾನಿಯಾಗುವಷ್ಟು ಕಂಪನ ಎಲ್ಲಿಯೂ ದಾಖಲಾಗಿಲ್ಲ.’ ಬರೆದದ್ದು ನಾನು, ಓದಿದ್ದೂ ನಾನು. ಏಳನೇ ಪೆಟ್ಟಿಗೆ ಇದ್ದ ಮನೆಯ ಶರಣಮ್ಮ ಮುಂದೆ ಬಂದು ನನ್ನ ಕೈ ಹಿಡಿದುಕೊಂಡಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದು ಕೂಲಿ ಮಾಡುವ ಹೆಂಗಸು. “ಯವ್ವಾ, ದಿನಾ ಗ್ವಾಡಿ ನಡುಗ್ತದ. ಭೋಂಗಾ ಆದ ಕೂಡ್ಲೇ ನಾ ಬೇವಿನ ಗಿಡದ ಕೆಳಗ ಹೋಗಿ ನಿಲ್ತೀನಿ. ಅಷ್ಟು ಅಂಜಿಕಿ ಬರ್ತದ,” ಎಂದಳು. ನಾನು ಹೇಳಿದೆ, ಭಾಳ ಪ್ರೀತಿಯಿಂದಲೇ ಹೇಳಿದೆ: “ಅಂಜಬ್ಯಾಡ ಅಮ್ಮಾ. ನಾವು ಅಳದೀವಿ. ಗ್ವಾಡಿಗೆ ಏನೂ ಆಗಂಗಿಲ್ಲ.” ಅವಳು ನನ್ನ ಕೈ ಬಿಟ್ಟು ಸೆರಗು ಸರಿ ಮಾಡಿಕೊಂಡಳು. “ನೀ ಓದಿದಾಕಿ. ನೀ ಅಂತಿ ಅಂದ್ರ ಹಂಗೇ ಇರ್ಬೇಕು,” ಎಂದಳು. ನೀವು ಆಗ ಕನ್ನಡಕ ಒರೆಸುತ್ತಿದ್ದಿರಿ. ಅರ್ಜಿ ಅಲ್ಲಿಗೆ ಮುಗಿಯಿತು. ಆದರೂ ಇನ್ನೂ ಕೆಲವು ತಿಂಗಳು ಅಳೆಯಲಿ ಎಂದು ಪೆಟ್ಟಿಗೆಗಳನ್ನು ಬಿಟ್ಟೆವು. ನನ್ನ ಸೆಲ್‌ಗಳು ಎಲ್ಲಿಯವರೆಗೆ ಬರುತ್ತವೆ ನೋಡಬೇಕಿತ್ತಲ್ಲ ನನಗೆ!

ಶರಣಮ್ಮನ ಗೋಡೆ ಬಿದ್ದ ಸುದ್ದಿ ಬಂದಾಗ ನಾವಿಬ್ಬರೂ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದೆವು. ಮಧ್ಯಾಹ್ನ ಭೋಂಗಾ ಆಗಿದೆ, ಅವಳು ಹೊರಗೆ ಹೋಗಿಲ್ಲ. ವರದಿ ಓದಿದ ದಿನದಿಂದ ಹೋಗುವುದನ್ನೇ ಬಿಟ್ಟಿದ್ದಳಂತೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂತಿದ್ದಾಳೆ. ಹಿಂದಿನ ಗೋಡೆ ಕುಸಿದು, ಮೇಲಿನ ಫರಸಿ ಜಾರಿ ಎಡಗಾಲಿನ ಮೇಲೆ... ಗುಲ್ಬರ್ಗಾದ ದವಾಖಾನೆಗೆ ನೀವು ಹಣ್ಣು ಹಿಡಿದುಕೊಂಡು ನನ್ನ ಜೊತೆಗೇ ಬಂದಿರಿ. ವಾಪಸು ಬರುವಾಗ ರೈಲಿನಲ್ಲಿ ಅಂದಿರಿ, “ಮಳಿಗಿ ಗ್ವಾಡಿ ನೆಂದಿತ್ತು ಕಾಣ್ತದ.” ನಾನು ಹೌದು ಸರ್ ಎಂದೆ. ಪಾಪ, ಎಷ್ಟು ಮರುಗುತ್ತಾರೆ ಎಂದುಕೊಂಡೆ.

ನಿಮ್ಮ ಹೃದಯ ನಿಂತದ್ದು ಆ ಚಳಿಗಾಲದಲ್ಲಿ. ಚಿತ್ತಾಪುರ, ವಾಡಿ, ಸೇಡಂ, ಎಲ್ಲೆಲ್ಲಿಂದ ವಿದ್ಯಾರ್ಥಿಗಳು ಬಂದಿದ್ದರು! ಸುಧಾ ಅಕ್ಕನ ಪಕ್ಕ ಕೂತು ಅವರಿಗಿಂತ ಜಾಸ್ತಿ ಅತ್ತವಳು ನಾನು. ಲ್ಯಾಬಿನಲ್ಲಿ ನಿಮ್ಮ ಫೋಟೊ ಹಾಕಿಸಿದವಳೂ ನಾನೇ.

ಸೆಲ್ ಬದಲಿಸಲು ಊರಿಗೆ ಹೋದ ದಿನ ಬಿಸಿಲು ಆಗಷ್ಟೇ ಜೋರಾಗುತ್ತಿತ್ತು. ಶರಣಮ್ಮನ ಮನೆಯ ಉಳಿದ ಗೋಡೆಗೆ ಏಣಿ ಹಾಕಿ ಹತ್ತಿ, ಪೆಟ್ಟಿಗೆಯ ಮುಚ್ಚಳ ತೆಗೆದಿದ್ದೆ. ಅಷ್ಟರಲ್ಲಿ ಭೋಂಗಾ ಆಯಿತು. ಪೆಟ್ಟಿಗೆ ಎದ್ದಾಗ ಹೊತ್ತಿಕೊಳ್ಳಲೆಂದು ಒಳಗೆ ಒಂದು ಸಣ್ಣ ಕೆಂಪು ದೀಪ ಇಟ್ಟಿದ್ದೆನಲ್ಲ, ಅದನ್ನು ನೋಡುತ್ತ ನಿಂತೆ. ಹೊತ್ತಲಿಲ್ಲ. ಕೈಗಡಿಯಾರ ನೋಡಿಕೊಂಡೆ, ಒಂದು ದಾಟಿತ್ತು. ದೀಪ ಇಲ್ಲ. ನೆಲ ಗುದ್ದಿತು. ಏಣಿ ಗೋಡೆಯಿಂದ ಅರ್ಧ ಗೇಣು ಹಾರಿ ಮತ್ತೆ ಬಡಿಯಿತು. ತಲೆಯ ಮೇಲೆ, ಬಾಯಲ್ಲಿ, ಕಣ್ಣಲ್ಲಿ ಮಣ್ಣು. ಎರಡೂ ಕೈಯಲ್ಲಿ ಏಣಿ ತಬ್ಬಿಕೊಂಡು ನಿಂತವಳ ಮೂಗಿನ ಮುಂದೆ ನನ್ನ ಪೆಟ್ಟಿಗೆ ತಣ್ಣಗೆ ಮಲಗಿತ್ತು. ಕೋಲು ಊರಿಕೊಂಡು ಹೊರಗೆ ನಿಂತಿದ್ದ ಶರಣಮ್ಮ, “ಇಳಿ ಯವ್ವಾ, ಇಳಿ!” ಎಂದು ಕೂಗುತ್ತಿದ್ದಳು. ನಾನು ಇಳಿಯಲಿಲ್ಲ. ಅಲ್ಲೇ ಕಾದೆ. ಎರಡು ಗಂಟೆಗೆ ದೀಪ ಹೊತ್ತಿತು. ಆಗ ಖಣಿಯಲ್ಲಿ ಉಳಿದ ದೊಡ್ಡ ಬಂಡೆಗಳನ್ನು ಸಣ್ಣ ಮದ್ದು ಹಾಕಿ ಒಡೆಯುತ್ತಿದ್ದರು. ನಾನು ಇಷ್ಟು ದಿನ ಬ್ಲಾಸ್ಟಿಂಗ್ ಎಂದುಕೊಂಡು ಕಾಗದದ ಮೇಲೆ ನೋಡಿದ್ದ ಸಣ್ಣ ಸಣ್ಣ ಗೀರುಗಳು ಅವು.

ಶಾಲೆಯ ಮಾಳಿಗೆ ಹತ್ತಿ ಯಜಮಾನ ಗಡಿಯಾರ ನೋಡಿದೆ. ಒಂದು ಗಂಟೆ ಹಿಂದಿತ್ತು. ಬಿಸಿಲಿಗೆ ತಪ್ಪಿದ್ದರೆ ಎಷ್ಟೋ ನಿಮಿಷ, ಎಷ್ಟೋ ಸೆಕೆಂಡು ತಪ್ಪಬೇಕಿತ್ತು. ಇದು ಸರಿಯಾಗಿ ಒಂದು ಗಂಟೆ. ನಿಮ್ಮನ್ನು ಬಿಡಿಸಿಕೊಳ್ಳಲು ಎಷ್ಟು ಒದ್ದಾಡಿದೆ ಗೊತ್ತೇ? ಮರೆತಿರಬೇಕು, ವಯಸ್ಸಾಗಿತ್ತು, ಒಂದು ಅಂಕಿ ತಪ್ಪು ಒತ್ತಿರಬೇಕು. ಆಮೇಲೆ ಪೆಟ್ಟಿಗೆಯ ಪಕ್ಕದ ತಪಾಸಣೆ ಪುಸ್ತಕ ತೆರೆದೆ. ತಿಂಗಳು ತಿಂಗಳೂ ನಿಮ್ಮ ದುಂಡನೆಯ ಅಕ್ಷರ: ‘ಸಮಯ ಸರಿ ಇದೆ.’ ಕೆಳಗೆ ಸಹಿ. ಶರಣಮ್ಮನ ಕಾಲು ಮುರಿದ ಮರುತಿಂಗಳೂ, ಅದೇ ಅಕ್ಷರ, ‘ಸಮಯ ಸರಿ ಇದೆ.’ ಸರ್, ಮೊದಲಿನವನ್ನೆಲ್ಲ ಹೇಗೋ ನುಂಗಿಕೊಳ್ಳುತ್ತಿದ್ದೆ. ಆ ಒಂದು ಸಾಲನ್ನು ಹೇಗೆ ಬರೆದಿರಿ? ಕೈ ನಡುಗಿರಬೇಕು ಎಂದು ಅಕ್ಷರವನ್ನು ಬೆಳಕಿಗೆ ಹಿಡಿದು ನೋಡಿದೆ. ನಡುಗಿರಲಿಲ್ಲ.

ನಿಮ್ಮ ಮನೆಯ ಬಾಗಿಲಲ್ಲಿ ನಿಂತು ನಾನು ಏನೂ ಕೇಳುವ ಮೊದಲೇ ಸುಧಾ ಅಕ್ಕನಿಗೆ ತಿಳಿಯಿತು. ಕೈಯಲ್ಲಿದ್ದ ಪುಸ್ತಕ ನೋಡಿದರು, ಒಳಗೆ ಕರೆದರು. ಅವರ ಗಂಡ, ನಿಮ್ಮ ಅಳಿಯಂದಿರು, ಖಣಿಯಲ್ಲಿ ಕೆಲಸದಲ್ಲಿದ್ದಾರೆ ಎಂದಷ್ಟೇ ನನಗೆ ಗೊತ್ತಿತ್ತು. ಮದ್ದು ಹಾಕಿಸುವುದೇ ಅವರ ಕೈಕೆಳಗೆ ಎಂದು ನೀವು ಯಾವತ್ತೂ ಹೇಳಿರಲಿಲ್ಲ. “ನಾನೇ ಅಪ್ಪಾಗ ಕೈ ಮುಗದೆ,” ಎಂದರು ಅಕ್ಕ. “ಇವರು ಲೈಸೆನ್ಸಿನಾಗ ಬರದದ್ದಕ್ಕಿಂತ ಜಾಸ್ತಿ ಮದ್ದು ಹಾಕಸ್ತಿದ್ರು. ಮ್ಯಾಲಿನವರ ಒತ್ತಡ ಭಾಳ ಇತ್ತು. ಗೊತ್ತಾದ್ರ ಲೈಸೆನ್ಸ್ ಹೋಗ್ತದ, ಜೈಲ್ ಆಗ್ತದ ಅಂತ ಮನ್ಯಾಗ ಕುಂತು ಅಳ್ತಿದ್ರು. ಅಪ್ಪ ಎರಡ ದಿನ ಊಟ ಮಾಡ್ಲಿಲ್ಲ. ಮೂರನೇ ದಿನ, ನೀ ಚಿಂಚೋಳಿಗಿ ಹೋದಾಗ, ಎದ್ದು ಆ ಊರಿಗಿ ಹೋದ್ರು.”

“ನನ್ನ ವಿಷಯ ಏನಾರ ಅಂದ್ರೇನ್ರಿ ಅಕ್ಕಾ?”

ಅಕ್ಕ ಹೇಳಿದರು: “ಅಂದ್ರು. ‘ಮಹಾದೇವಿಗಿ ಗೊತ್ತಾಗಂಗಿಲ್ಲ, ಆಕಿ ನನ್ನ ನಂಬ್ತಾಳ’ ಅಂದ್ರು.”

ಇಷ್ಟು ವರ್ಷ ನನ್ನ ನಂಬಿಕೆ ನನ್ನ ಹತ್ತಿರ ಇದೆ ಎಂದುಕೊಂಡಿದ್ದೆ. ಅದನ್ನು ನೀವು ನಿಮ್ಮ ಸಾಮಾನಿನ ಚೀಲದಲ್ಲಿ ಹಾಕಿಕೊಂಡು ಹೋಗಿದ್ದಿರಿ, ಮೀಟರು, ಕೇಬಲ್ಲಿನ ಜೊತೆಗೆ. ಮಗಳಿಗಾಗಿ ಮಾಡಿದಿರಿ, ಸರಿ. ಅಪ್ಪಂದಿರು ಮಾಡುತ್ತಾರೆ. ಆದರೆ ನನಗೂ ನೀವು... ಬೇಡ, ಆ ಮಾತು ಬೇಡ. ಕಡೆಗೆ ಒಂದು ದಿನ ನನ್ನನ್ನು ಕೂಡಿಸಿಕೊಂಡು ಹೇಳಬಹುದಿತ್ತಲ್ಲ? ವರದಿ ಓದುವ ಮುಂಚೆ? ಶರಣಮ್ಮನ ಕೈ ನನ್ನ ಕೈಯಲ್ಲಿದ್ದಾಗ? ಇನ್ನೊಂದು ವಿಷಯ ಅದಕ್ಕಿಂತ ಹೆಚ್ಚು ಚುಚ್ಚುತ್ತದೆ. ಸೆಲ್ ಅಷ್ಟು ದಿನ ಬಂದದ್ದು ನನ್ನ ಬುದ್ಧಿಯಿಂದಲ್ಲ. ದೊಡ್ಡ ಬ್ಲಾಸ್ಟ್ ಅಳೆದರೆ ಉದ್ದನೆಯ ದಾಖಲೆ ಕಳಿಸಬೇಕು, ರೇಡಿಯೊಗೆ ಖರ್ಚು ಹೆಚ್ಚು. ಅಳೆಯದೇ ಇದ್ದುದರಿಂದ ಉಳಿಯಿತು. ಆ ಪ್ರೊಫೆಸರ್ ಕೇಳಿದ ಉಳಿದ ಐದು ತಿಂಗಳು ಅಲ್ಲಿಂದ ಬಂದದ್ದು. ಅದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಎದ್ದು ನಿಂತು ನನ್ನನ್ನು ಹೊಗಳಿದಿರಿ.

ಶರಣಮ್ಮನಿಗೆ ಹೇಳಲು ಹೋದಾಗ ಅವಳು ತೊಗರಿ ಹಸನು ಮಾಡುತ್ತಿದ್ದಳು. ನಾನು ಎಲ್ಲ ಹೇಳಿದೆ, ಗಡಿಯಾರ, ಪುಸ್ತಕ, ನಿಮ್ಮ ಹೆಸರು. ನಾನು ಓದಿದ ವರದಿ ಸುಳ್ಳು ಎಂದೂ ಹೇಳಿದೆ. ಅವಳು ಬಯ್ಯಲಿ ಎಂದು ಕಾದೆ. ಅವಳು ಮೊರ ಕೆಳಗಿಟ್ಟಳು. “ದವಾಖಾನ್ಯಾಗ ನೀ ಔಷಧ ತರ್ಲಿಕ್ಕ ಹೋದಾಗ ಆ ಸರ್ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ್ರು,” ಎಂದಳು. “ಬ್ಯಾಡ್ರಿ ಯಪ್ಪಾ ಅಂದ್ರೂ ಕೇಳ್ಲಿಲ್ಲ. ಅಷ್ಟು ದೊಡ್ಡ ಮನುಷ್ಯಾ ನನ್ನ ಕಾಲು ಯಾಕ ಮುಟ್ಟಿದ ಅಂತ ಅವತ್ತ ತಿಳೀಲಿಲ್ಲ.” ಮತ್ತೆ ಮೊರ ಎತ್ತಿಕೊಂಡಳು. “ಕಾಲು ಮುಟ್ಟೋ ಬದ್ಲಿ ಬಾಯಿ ಬಿಟ್ಟು ಹೇಳಿದ್ರ, ಆಜೂಬಾಜೂ ಮನಿಯವರರ ಹುಷಾರ್ ಆಗ್ತಿದ್ರು.” ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ ಸರ್?

ಗಡಿಯಾರ ಸರಿ ಮಾಡಿ ಆರು ವಾರ ಅಳೆದೆ. ಪ್ರಿನ್ಸಿಪಾಲರಿಗೆ ಹೊಸ ವರದಿ ಕೊಟ್ಟಾಗ ಅವರು ಬಾಗಿಲು ಹಾಕಿಕೊಂಡು ಬಂದು ಕೂತರು. “ಹೋದವರ ಹೆಸರು ಯಾಕ ತರ್ತೀರಿ? ತಾಂತ್ರಿಕ ದೋಷ ಅಂತ ಬರೀರಿ, ಮುಗೀತು,” ಎಂದರು. ಒಂದು ಪ್ರತಿಯನ್ನು ಹಾಗೇ ಬರೆದೂ ನೋಡಿದೆ. ಅದೂ ‘ಸಮಯ ಸರಿ ಇದೆ’ ಎಂದಂತೆಯೇ ಕಂಡಿತು. ಹಾಗಾಗಿ ನಿಮ್ಮ ಹೆಸರು ಬರೆದೆ, ತಪಾಸಣೆ ಪುಸ್ತಕದ ಪುಟಗಳನ್ನು ಲಗತ್ತಿಸಿದೆ. ಸುಮಾರು ಎರಡು ವರ್ಷ ನಾನೇ ಆ ಗಡಿಯಾರ ನೋಡದೆ ನಿಮ್ಮ ಮಾತಿನ ಮೇಲೆ ಸಹಿ ಮಾಡಿದವಳು ಎಂದು ನನ್ನ ಹೆಸರನ್ನೂ ಬರೆದೆ. ಸೆಮಿನಾರಿನ ಪ್ರಬಂಧವನ್ನು ವಾಪಸು ತೆಗೆದುಕೊಂಡೆ. ಎಂ.ಟೆಕ್ ಒಂದು ವರ್ಷ ಹಿಂದೆ ಬಿತ್ತು. ಸ್ಟಾಫ್ ರೂಮಿನಲ್ಲಿ ಈಗ ನನ್ನ ಪಕ್ಕ ಯಾರೂ ಕೂರುವುದಿಲ್ಲ. ಅನ್ನ ಹಾಕಿದ ಗುರುವನ್ನು ಸತ್ತ ಮೇಲೆ ಬೀದಿಗೆ ತಂದವಳು ನಾನು.

ಎರಡು ತಿಂಗಳ ಹಿಂದೆ ವಿಚಾರಣೆಗೆ ಅಧಿಕಾರಿಗಳು ಊರಿಗೇ ಬಂದಿದ್ದರು. ನಿಮಗೆ ತಿಳಿಯದ ಸುದ್ದಿ ಇದು, ಅದಕ್ಕೇ ಬರೆಯುತ್ತಿದ್ದೇನೆ. ಊರ ಕಡೆಯ ಮಗ್ಗುಲಲ್ಲಿ ಬ್ಲಾಸ್ಟಿಂಗ್ ನಿಂತಿದೆ, ಉಳಿದ ಕಡೆ ಮದ್ದು ಅರ್ಧಕ್ಕೆ ಇಳಿದಿದೆ. ನಿಮ್ಮ ಅಳಿಯಂದಿರ ಲೈಸೆನ್ಸ್ ಹೋಯಿತು, ಜೈಲಾಗಲಿಲ್ಲ. ಅವರ ಮೇಲಿದ್ದವರಿಗೆ ಏನೂ ಆಗಲಿಲ್ಲ. ಅದು ನಿಮಗೆ ಆಶ್ಚರ್ಯವಾಗಲಿಕ್ಕಿಲ್ಲ. ಸಾಕ್ಷಿ ಹೇಳಲು ಯಾರಿದ್ದೀರಿ ಎಂದು ಕೇಳಿದಾಗ ಹಿಂದಿನಿಂದ ಎದ್ದು ಬಂದವರು ಸುಧಾ ಅಕ್ಕ. ಗಂಡ ಪಕ್ಕದಲ್ಲೇ ಕೂತಿದ್ದರು. “ನಮ್ಮಪ್ಪನೇ ಮಾಡಿದ್ರಿ. ನಾನೇ ಮಾಡ್ಸಿದೆ,” ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿ, ಕಾಗದಕ್ಕೆ ಸಹಿ ಹಾಕಿ, ನನ್ನ ಕಡೆ ನೋಡದೆ ಹೊರಟು ಹೋದರು. ನೀವು ಕಾಪಾಡಬೇಕೆಂದುಕೊಂಡ ಮಗಳು ನಿಮಗಿಂತ ಗಟ್ಟಿ ಇದ್ದರು ಸರ್. ಅವರನ್ನೂ ನೀವು ಸರಿಯಾಗಿ ಅಳೆಯಲಿಲ್ಲ.

ನಿನ್ನೆ ಅವರಿಂದ ಒಂದು ಕಾರ್ಡು ಬಂತು. ಬರುವ ತಿಂಗಳು ನಿಮ್ಮ ವರ್ಷಾಂತಿಕವಂತೆ, ಊಟಕ್ಕೆ ಬರಬೇಕಂತೆ. ಅಷ್ಟೇ ಬರೆದಿದ್ದಾರೆ. ಅದೇ ದಿನ ಹನ್ನೆರಡು ಮನೆಗಳಲ್ಲಿ ಸೆಲ್ ಬದಲಿಸಬೇಕಿದೆ. ಒಂದು ದಿನ ಆಚೆ ಹಾಕಬಹುದಲ್ಲ ಎನ್ನುತ್ತೀರಾ? ಹಾಕಬಹುದು. ಹಾಕುವುದಿಲ್ಲ. ನಿಮ್ಮ ಎಲೆಯ ಮುಂದೆ ಕೂತು ಉಣ್ಣಲು ನನ್ನಿಂದ ಇನ್ನೂ ಆಗುವುದಿಲ್ಲ. ಅಕ್ಕನಿಗೆ ಉತ್ತರ ಬರೆದಿದ್ದೇನೆ: ‘ಅಕ್ಕಾ, ಮಧ್ಯಾಹ್ನ ಆ ಊರಲ್ಲಿ ಇರುತ್ತೇನೆ, ಸಂಜೆಯ ಗಾಡಿಗೆ ನಿಮ್ಮ ಮನೆಗೆ ಬರುತ್ತೇನೆ, ಅಪ್ಪನಿಗಾಗಿ ಅಲ್ಲ, ನಿಮ್ಮನ್ನು ನೋಡಲು.’

ನಿಮ್ಮ ಕೈಯಲ್ಲಿ ಕೆಲಸ ಕಲಿತ,
ಮಹಾದೇವಿ
ಸೇಡಂ